ಮೆಣಸಿನ ಎಲೆ ಏಕೆ ಮುದುಡುತ್ತದೆ?

ಮೆಣಸಿನಗಿಡದ ಸುಳಿಯೆಲೆಗಳು ಮುದುಡಿ, ಗಿಡವು ಏಳಿಗೆಯಿಲ್ಲದೆ ನಿಂತುಬಿಡುವುದಕ್ಕೆ ನಮ್ಮ ರೈತರು 'ಮುಟುರು ರೋಗ' ಎನ್ನುತ್ತಾರೆ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಲ್ಲಿ ಬ್ಯಾಡಗಿ ಮೆಣಸನ್ನು ಬೆಳೆಯುವವರಿಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿಲ್ಲವೆನ್ನಬಹುದು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಮೆಣಸು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಒಣಗಿದ ಕಾಯಿಯ ಮೇಲಿನ ಸುಕ್ಕು ಅದರ ಹೆಗ್ಗುರುತು. ಅದೇ ಸುಕ್ಕು ಎಲೆಯ ಮೇಲೆ ಮೂಡಿದರೆ ಬೆಳೆಗೆ ಕೇಡು.

ಮುಟುರು ಎಂಬುದು ಒಂದೇ ಹೆಸರಾದರೂ ಅದರ ಹಿಂದೆ ಬೇರೆ ಬೇರೆ ಕಾರಣಗಳಿವೆ. ಇದನ್ನು ಅರಿಯದೆ ಔಷಧಿ ಸಿಂಪಡಿಸಿದರೆ ಹಣ ಹೋಗುವುದಷ್ಟೇ ಅಲ್ಲ, ಕೆಲವೊಮ್ಮೆ ರೋಗವೇ ಉಲ್ಬಣಿಸುತ್ತದೆ. ಆದ್ದರಿಂದ ಮೊದಲು ಎಲೆಯನ್ನು ಓದಲು ಕಲಿಯಬೇಕು.

ಎಲೆಯ ಮೇಲ್ಮೈ ಮತ್ತು ಕೆಳಮೈ ಸಮನಾಗಿ ಬೆಳೆದರೆ ಎಲೆ ಚಪ್ಪಟೆಯಾಗಿರುತ್ತದೆ. ಒಂದು ಮೈಯ ಬೆಳವಣಿಗೆ ಹಿಂದೆ ಬಿದ್ದರೆ ಎಲೆ ಆ ಕಡೆಗೇ ಬಾಗುತ್ತದೆ. ಹೀಗಾಗಿ ಎಲೆ ಯಾವ ಕಡೆಗೆ ಮುದುಡಿದೆ ಎಂಬುದೇ ನಮಗೆ ದೊರೆಯುವ ಮೊದಲ ಸುಳಿವು.

ಅಂಚುಗಳು ಮೇಲಕ್ಕೆದ್ದು ಎಲೆಯು ದೋಣಿಯಂತೆ ಕಂಡರೆ ಥ್ರಿಪ್ಸ್ ಕೀಟವನ್ನು ಸಂಶಯಿಸಬೇಕು. ಸುಮಾರು ಒಂದು ಮಿಲಿಮೀಟರ್ ಉದ್ದದ, ಹಳದಿ ಮೈಯ ಈ ಕೀಟದ ರೆಕ್ಕೆಗಳ ಅಂಚಿನಲ್ಲಿ ಕುಚ್ಚಿನಂತೆ ಕೂದಲುಗಳಿರುತ್ತವೆ. ಇದರ ಬಾಯಿಯ ರಚನೆ ಬಲು ವಿಚಿತ್ರ. ಎಡ ದವಡೆ ಮಾತ್ರ ಬೆಳೆದಿದ್ದು, ಬಲ ದವಡೆ ಹೆಸರಿಗಷ್ಟೇ ಉಳಿದಿರುತ್ತದೆ. ಆ ಒಂಟಿ ದವಡೆಯಿಂದ ಎಲೆಯನ್ನು ಚುಚ್ಚಿ, ಕೋಶಗಳ ರಸವನ್ನು ಹೀರುತ್ತದೆ. ಒಣ ಹವೆಯಲ್ಲಿ ಇದರ ಹಾವಳಿ ಹೆಚ್ಚು.

ಎಲೆಯ ಅಂಚುಗಳು ಕೆಳಕ್ಕೆ ಮಡಿಚಿ, ಎಲೆಯು ಕವುಚಿದ ದೋಣಿಯಂತಾಗಿ, ತೊಟ್ಟು ಇಲಿಯ ಬಾಲದಂತೆ ನೀಳವಾದರೆ ಅದು ಮೈಟ್‌ನ ಕೆಲಸ. ಮೈಟ್ ಕೀಟವೇ ಅಲ್ಲ. ಎಂಟು ಕಾಲುಗಳುಳ್ಳ, ಜೇಡದ ಬಳಗಕ್ಕೆ ಸೇರಿದ ಜೀವಿ. ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಿರುವ ಇದು ಬರಿಗಣ್ಣಿಗೆ ಕಾಣುವುದು ದುರ್ಲಭ. ಬೆಚ್ಚನೆಯ, ತೇವದ ಹವೆಯಲ್ಲಿ ಒಂದು ವಾರದೊಳಗೇ ಒಂದು ತಲೆಮಾರು ಮುಗಿದು ಇನ್ನೊಂದು ಆರಂಭವಾಗುತ್ತದೆ. ಇನ್ನೂ ಪ್ರೌಢಾವಸ್ಥೆಗೆ ಬಾರದೆ ನಿಶ್ಚಲವಾಗಿರುವ ಹೆಣ್ಣನ್ನು ಗಂಡು ಹೊತ್ತುಕೊಂಡು ಎಳೆಯ ಸುಳಿಗೆ ಸಾಗಿಸುತ್ತದೆ! ಗಿಡದಿಂದ ಗಿಡಕ್ಕೆ ಹೋಗಬೇಕಾದಾಗ ಬಿಳಿನೊಣದ ಕಾಲುಗಳನ್ನು ಹಿಡಿದು ಪ್ರಯಾಣ ಮಾಡುವುದೂ ಉಂಟು. ಮೈಟ್‌ನ ಜೊಲ್ಲು ಎಳೆಯ ಅಂಗಾಂಶಕ್ಕೆ ವಿಷದಂತೆ. ಆದಕಾರಣ ಕೆಲವೇ ಮೈಟ್‌ಗಳಿದ್ದರೂ ಸುಳಿ ವಿಕಾರಗೊಳ್ಳುತ್ತದೆ.

ಕನ್ನಡದಲ್ಲಿ ಈ ಎರಡಕ್ಕೂ 'ನುಸಿ' ಎಂದೇ ಹೆಸರು. ಅನರ್ಥಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಅಂಗಡಿಯಲ್ಲಿ 'ನುಸಿಗೆ ಔಷಧಿ ಕೊಡಿ' ಎಂದು ಕೇಳಿದವನಿಗೆ ಥ್ರಿಪ್ಸ್‌ನ ಮದ್ದು ಸಿಕ್ಕರೆ ಮೈಟ್‌ಗಳು ಸಾಯದೆ ಉಳಿಯಬಹುದು. ಪೈರೆತ್ರಾಯ್ಡ್ ವರ್ಗದ ಕೀಟನಾಶಕಗಳನ್ನು ಮೇಲಿಂದ ಮೇಲೆ ಸಿಂಪಡಿಸಿದರೆ, ಮೈಟ್‌ಗಳನ್ನು ತಿನ್ನುವ ಪರಭಕ್ಷಕ ಜೀವಿಗಳು ಸತ್ತು, ಮೈಟ್‌ಗಳು ಮೊದಲಿಗಿಂತ ಹೆಚ್ಚುತ್ತವೆ. ನೀರಿನಲ್ಲಿ ಕರಗಿಸುವ ಗಂಧಕವಾದರೋ ಮೈಟ್‌ಗಳನ್ನು ಕೊಲ್ಲುತ್ತದೆ.

ಮೂರನೆಯ ಕಾರಣ ವೈರಸ್. ಎಲೆ ಇಲ್ಲಿಯೂ ಹೆಚ್ಚಾಗಿ ಮೇಲಕ್ಕೇ ಮುದುಡುವುದರಿಂದ ಥ್ರಿಪ್ಸ್ ಎಂಬ ಭ್ರಾಂತಿಯುಂಟಾಗುತ್ತದೆ. ಆದರೆ ನರಗಳು ದಪ್ಪವಾಗಿ, ಎಲೆ ಕಿರಿದಾಗಿ, ಗೆಣ್ಣುಗಳ ನಡುವಣ ಅಂತರ ಕುಗ್ಗಿ ಗಿಡವೆಲ್ಲ ಪೊದೆಯಂತಾದರೆ ಅದು ಬಿಳಿನೊಣ ತಂದೊಡ್ಡಿದ ವೈರಸ್ಸೆಂದು ತಿಳಿಯಬೇಕು. ಸೋಂಕಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಬೇಗನೆ ಕಿತ್ತು ನಾಶಮಾಡಿ, ಬಿಳಿನೊಣವನ್ನು ತಡೆದು, ಉಳಿದ ಗಿಡಗಳನ್ನು ಕಾಪಾಡುವುದೊಂದೇ ಮಾರ್ಗ.

ಮುದುಡದೆ ಬರಿದೇ ಹಳದಿಯಾದ ಎಲೆಗಳ ಕಥೆ ಬೇರೆ. ಗಿಡವು ಸಾರಜನಕವನ್ನು ಹಳೆಯ ಎಲೆಗಳಿಂದ ತೆಗೆದು ಹೊಸ ಎಲೆಗಳಿಗೆ ಕೊಡಬಲ್ಲದು. ಆದುದರಿಂದ ಅದರ ಕೊರತೆ ಮೊದಲು ಬುಡದ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಸುಣ್ಣ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣ ದೊರೆಯದೆ ಹೋದಾಗ, ಸುಳಿಯೆಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಹಳದಿಗಟ್ಟುತ್ತವೆ. ಇಂಥ ಗಿಡಕ್ಕೆ ಕೀಟನಾಶಕ ಹೊಡೆಯುವುದು ಹಸಿದವನಿಗೆ ಜ್ವರದ ಗುಳಿಗೆ ಕೊಟ್ಟಂತೆ. ಪಕ್ಕದ ಜೋಳದ ಹೊಲದಿಂದ ಕಳೆನಾಶಕವು ಗಾಳಿಯಲ್ಲಿ ತೇಲಿಬಂದರೂ ಎಲೆಗಳು ವಿಕಾರಗೊಳ್ಳುವುದುಂಟು. ಆಗ ಹಾನಿಯು ಆ ಕಡೆಯ ಸಾಲುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಪರೀಕ್ಷೆಗೆ ಹೆಚ್ಚಿನ ಸಲಕರಣೆ ಬೇಡ. ಬಿಳಿಯ ಕಾಗದವನ್ನು ಸುಳಿಯ ಕೆಳಗೆ ಹಿಡಿದು ಬೆರಳಿನಿಂದ ತಟ್ಟಿದರೆ ಥ್ರಿಪ್ಸ್ ಉದುರಿ ಹರಿದಾಡುವುದು ಕಾಣುತ್ತದೆ. ಮೈಟ್ ಕಾಣಬೇಕಾದರೆ ಎಳೆಯ ಎಲೆಯ ಕೆಳಮೈಯನ್ನು ಹತ್ತು ಅಥವಾ ಇಪ್ಪತ್ತರಷ್ಟು ಹಿಗ್ಗಿಸುವ ಮಸೂರದಿಂದ ನೋಡಬೇಕು. ಕಾಲೇಜಿನ ಪ್ರಯೋಗಶಾಲೆಯ ಸೂಕ್ಷ್ಮದರ್ಶಕ ದೊರೆತರೆ ಇನ್ನೂ ಒಳಿತು: ಬಿಳಿಯ ಚುಕ್ಕೆಗಳ ಸಾಲುಗಳಿಂದ ಅಲಂಕೃತವಾದ ಅದರ ಮೊಟ್ಟೆಗಳನ್ನು ಒಮ್ಮೆ ಕಂಡವರು ಮರೆಯಲಾರರು.

ಈ ಪಟ್ಟಿಯೂ ಸ್ಥಿರವಲ್ಲ. ಆಗ್ನೇಯ ಏಷ್ಯದ ಮತ್ತೊಂದು ಜಾತಿಯ ಥ್ರಿಪ್ಸ್ ನಮ್ಮ ದೇಶದಲ್ಲಿ ಮೊದಲು ಬೆಂಗಳೂರಿನ ಪಪ್ಪಾಯಿಯ ಮೇಲೆ ಕಂಡುಬಂದುದು 2015ರಲ್ಲಿ ವರದಿಯಾಯಿತು. 2021ರ ವೇಳೆಗೆ ಅದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ನುಗ್ಗಿ ಅಪಾರ ಹಾನಿಯೆಸಗಿತು. ಕಪ್ಪುಛಾಯೆಯ ಈ ಕೀಟವು ಹೂವಿನೊಳಗೆ ಗುಂಪುಗುಂಪಾಗಿ ಅಡಗಿರುತ್ತದೆ. ಹೂಗಳು ಕಾಯಿಕಟ್ಟದೆ ಉದುರುತ್ತವೆ. ಎಲೆಯನ್ನಷ್ಟೇ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲವಾದ್ದರಿಂದ ಈಗ ಹೂವನ್ನೂ ಕಾಗದದ ಮೇಲೆ ಕೊಡವಿ ನೋಡಬೇಕಾಗಿದೆ.