ಮುಧೋಳದ ಬೇಟೆನಾಯಿ

ಸವದತ್ತಿಯ ಸಮೀಪದಲ್ಲಿ ನವಿಲುತೀರ್ಥದ ಇಕ್ಕಟ್ಟಾದ ಕಣಿವೆಯನ್ನು ದಾಟಿದ ಮಲಪ್ರಭೆಯು ಬಯಲಿಗಿಳಿದು ರಾಮದುರ್ಗದ ಕಡೆಗೆ ಹರಿಯುತ್ತದೆ. ರಾಮದುರ್ಗದಿಂದ ಉತ್ತರಕ್ಕೆ, ಘಟಪ್ರಭೆಯ ಬಳಿಯ ಮುಧೋಳದವರೆಗೆ, ಜೋಳ ಹತ್ತಿಗಳನ್ನು ಬೆಳೆಯುವ ಎರೆಯ ಹೊಲಗಳೂ ಕಲ್ಲುಮರಡಿಗಳೂ ಹರಡಿಕೊಂಡಿವೆ. ಮರಗಳು ವಿರಳ, ದೃಷ್ಟಿಗೆ ಅಡ್ಡ ಬರುವಂಥದು ಕಡಮೆ. ಈ ಸೀಮೆಯ ತೋಟದ ಮನೆಗಳ ಮುಂದೆ ಎತ್ತರವಾದ, ಉದ್ದ ಮೋರೆಯ, ಪಕ್ಕೆಲುಬು ಎದ್ದು ಕಾಣುವ ಒಂದು ಬಗೆಯ ನಾಯಿಯನ್ನು ಕಾಣಬಹುದು. ಹೊಸಬರು ಅದನ್ನು ಕಂಡು, ಪಾಪ, ಮನೆಯವರು ಇದಕ್ಕೆ ಹೊಟ್ಟೆಗೆ ಹಾಕುವುದಿಲ್ಲವೆಂದು ಮರುಗುವುದುಂಟು. ಇದೇ ಹೆಸರಾಂತ ಮುಧೋಳದ ನಾಯಿ, ಸೈನ್ಯವೂ ಗಡಿಪಡೆಯೂ ಕಾವಲಿಗೆ ಬಳಸಿಕೊಂಡ ನಾಯಿ ಎಂದರೆ ಅವರಿಗೆ ಸುಲಭವಾಗಿ ನಂಬಿಕೆ ಬರುವುದಿಲ್ಲ.

ಅವರ ಅಪನಂಬಿಕೆಗೆ ಕಾರಣವಿಲ್ಲದಿಲ್ಲ. ಕಾವಲುನಾಯಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದಪ್ಪ ಕತ್ತು, ಅಗಲವಾದ ದವಡೆ, ಭಾರವಾದ ಮೈ. ಮಾಸ್ಟಿಫ್, ಗ್ರೇಟ್ ಡೇನ್ ಮೊದಲಾದ ತಳಿಗಳಿಗೆ ತೂಕವೇ ಆಯುಧ. ಮುಧೋಳದ ಗಂಡುನಾಯಿಯ ಎತ್ತರ ಭುಜದ ಬಳಿ ೬೮ರಿಂದ ೭೨ ಸೆಂಟಿಮೀಟರು; ತೂಕವಾದರೋ ಸಾಮಾನ್ಯವಾಗಿ ೨೦ರಿಂದ ೨೮ ಕಿಲೋಗ್ರಾಂ ಮಾತ್ರ. ಆಲ್ಸೇಷನ್ ನಾಯಿ ಇದಕ್ಕಿಂತ ಗಿಡ್ಡ, ಆದರೂ ಅದರ ಗಂಡು ೩೦ರಿಂದ ೪೦ ಕಿಲೋಗ್ರಾಂ ತೂಗುತ್ತದೆ. ಇಷ್ಟು ಎತ್ತರದ ಪ್ರಾಣಿಗೆ ಇಷ್ಟು ಕಡಮೆ ತೂಕವೇಕೆ? ಇದನ್ನು ತಿಳಿದರೆ ಈ ನಾಯಿಯ ಕೀರ್ತಿಯಲ್ಲಿ ಯಾವ ಭಾಗ ನ್ಯಾಯವಾದುದು, ಯಾವುದು ಹೊರಗಿನಿಂದ ಅಂಟಿಕೊಂಡುದು ಎಂಬುದೂ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಮೇಲಣ ಅಭಿಮಾನ ಹಳೆಯದು. ಕ್ರಿ. ಶ. ೯೪೯-೫೦ರ ಆತಕೂರು ಶಾಸನ ಅದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಅವನ ಒಡೆಯನಾದ ಗಂಗರ ಬೂತುಗನು ಬೇಕಾದುದನ್ನು ಕೇಳೆನ್ನಲು, ಅವನು ಕೇಳಿದುದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತವು. ಮಣಲೆರನು ಕಾಳಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. (ಮುದುವೊಳಲು, ಎಂದರೆ ಮುಧೋಳದಲ್ಲಿ ಕವಿ ರನ್ನನು ಹುಟ್ಟಿದುದೂ ೯೪೯ರಲ್ಲಿಯೇ ಎಂಬುದು ಒಂದು ಸೊಗಸಾದ ಆಕಸ್ಮಿಕ.) ಆದರೆ ಆತಕೂರು ಮಂಡ್ಯದ ಕಡೆಯದು, ಕಾಳಿ ಮುಧೋಳದ ತಳಿಯೇ ಎನ್ನಲು ಆಧಾರವಿಲ್ಲ. ಪ್ರಸಿದ್ಧವಾದ ತಳಿಗಳಿಗೆಲ್ಲ ಪುರಾತನ ವಂಶವನ್ನು ಕಲ್ಪಿಸುವ ಚಾಪಲ್ಯ ಜಗತ್ತಿನಲ್ಲೆಲ್ಲ ಇದೆ. ಅದಕ್ಕೆ ನಾವು ಮನಸೋಲಬೇಕಾಗಿಲ್ಲ.

ಇಂದಿನ ತಳಿಯ ಇತಿಹಾಸ ಸ್ಪಷ್ಟವಾಗುವುದು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಕಾಲದಲ್ಲಿ. ೧೯೩೭ರಲ್ಲಿ ತೀರಿಕೊಂಡ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಆ ಭಾಗದ ಬೇಡರು ಬೇಟೆಗೆ ಸಾಕುತ್ತಿದ್ದ ನಾಯಿಗಳ ಗುಣವನ್ನು ಮೆಚ್ಚಿ, ಆಯ್ದ ನಾಯಿಗಳನ್ನು ಕೂಡಿಸಿ ತಳಿಯನ್ನು ಬೆಳೆಸಿದರು. ಅವರು ಒಂದು ಜೊತೆಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರೆಂದೂ ‘ಮುಧೋಳದ ನಾಯಿ’ ಎಂಬ ಹೆಸರು ಅಲ್ಲಿಂದ ಪ್ರಚಾರಕ್ಕೆ ಬಂದಿತೆಂದೂ ಪ್ರತೀತಿ. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ಪಶ್ಚಿಮ ಏಷ್ಯದ ಸಲೂಕಿ ನಾಯಿಯೊಡನೆ ಇದಕ್ಕಿರುವ ಹೋಲಿಕೆ ನೋಡಿದೊಡನೆ ಎದ್ದು ಕಾಣುತ್ತದೆ. ಕೀರ್ತಿ ಅರಸರಿಗೆ ಸಂದಿತು. ಆದರೆ ಮೂಲಧನ ಬೇಡರದು ಎಂಬುದನ್ನು ಮರೆಯಬಾರದು.

ಬೇಡರು ಈ ನಾಯಿಯಿಂದ ಬಯಸಿದುದೇನು? ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದ ಕಂಡು, ಓಡಿ ಹಿಡಿಯುವುದು. ಇದರ ದೇಹದ ಪ್ರತಿಯೊಂದು ಅಂಗಕ್ಕೂ ಈ ಕೆಲಸವೇ ಅಚ್ಚು. ಪೂರ್ಣವೇಗದಲ್ಲಿ ಓಡುವಾಗ ಒಂದು ಹೆಜ್ಜೆಯ ಸುತ್ತಿನಲ್ಲಿ ಇದರ ನಾಲ್ಕು ಕಾಲುಗಳೂ ಎರಡು ಸಲ ನೆಲವನ್ನು ಬಿಟ್ಟಿರುತ್ತವೆ: ಮೈ ಬಿಲ್ಲಿನಂತೆ ಬಾಗಿ ಕಾಲುಗಳು ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಮೈ ನೀಳವಾಗಿ ಚಾಚಿದಾಗ ಮತ್ತೊಮ್ಮೆ. ಕುದುರೆಯ ನಾಗಾಲೋಟದಲ್ಲಿ ಹೀಗಾಗುವುದು ಒಂದೇ ಸಲ. ಬಳುಕುವ ಬೆನ್ನೆಲುಬು ಇಲ್ಲಿ ಐದನೆಯ ಕಾಲಿನಂತೆ ಕೆಲಸ ಮಾಡುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಇದರ ವೇಗ ಗಂಟೆಗೆ ೫೦ ಕಿಲೋಮೀಟರೆಂದು ಸಾಮಾನ್ಯವಾಗಿ ಹೇಳುತ್ತಾರೆ; ಎಂದರೆ ಸೆಕೆಂಡಿಗೆ ಹೆಚ್ಚುಕಡಮೆ ೧೪ ಮೀಟರು. ೨೫ ಕಿಲೋಗ್ರಾಂ ದ್ರವ್ಯರಾಶಿಯ ನಾಯಿಯ ಚಲನಶಕ್ತಿ ಆಗ ೨,೪೫೦ ಜೌಲ್. ಅದೇ ನಾಯಿಯನ್ನು ೧೦ ಮೀಟರು ಎತ್ತರಕ್ಕೆ, ಎಂದರೆ ಮೂರಂತಸ್ತಿನ ಮನೆಯ ಮಾಳಿಗೆಗೆ, ಎತ್ತಲು ಬೇಕಾದ ಶಕ್ತಿಯೂ ಇಷ್ಟೆ. ಆದರೆ ಬೇಟೆ ಗೆಲ್ಲುವುದು ನೇರ ಓಟದಲ್ಲಲ್ಲ, ತಿರುವಿನಲ್ಲಿ. ಮೊಲವು ಥಟ್ಟನೆ ಹೊರಳುತ್ತದೆ. ನಮ್ಮ ತರಗತಿಗಳಲ್ಲಿ ಕೇಂದ್ರಾಭಿಮುಖ ಬಲಕ್ಕೆ ದಾರದ ತುದಿಗೆ ಕಟ್ಟಿ ತಿರುಗಿಸಿದ ಕಲ್ಲನ್ನು ಉದಾಹರಿಸುವುದು ವಾಡಿಕೆ. ಮೊಲದ ಬೆನ್ನು ಹತ್ತಿದ ನಾಯಿ ಅದಕ್ಕಿಂತ ಜೀವಂತವಾದ ಉದಾಹರಣೆ. ಆ ವೇಗದಲ್ಲಿಯೇ ೧೦ ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗಬೇಕಾದರೆ ಬೇಕಾಗುವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ೧೯.೬ ಮೀಟರು, ಇದು ಗುರುತ್ವದ ವೇಗೋತ್ಕರ್ಷದ ಎರಡರಷ್ಟು! ಎರಡೂವರೆ ಕಿಲೋಗ್ರಾಮಿನ ಮೊಲಕ್ಕೆ ಇದಕ್ಕಾಗಿ ೪೯ ನ್ಯೂಟನ್ ಬಲ ಸಾಕು. ನಾಯಿಗೆ ೪೯೦ ನ್ಯೂಟನ್ ಬೇಕು. ಪಾದಕ್ಕೂ ನೆಲಕ್ಕೂ ಇರುವ ಘರ್ಷಣೆಯಿಂದ ಇಷ್ಟು ಬಲ ದೊರೆಯುವುದು ದುಸ್ತರ. ಆದುದರಿಂದ ನಾಯಿ ಉಗುರನ್ನು ಮಣ್ಣಿಗೆ ಊರಬೇಕು, ವೇಗವನ್ನು ತಗ್ಗಿಸಬೇಕು, ಇಲ್ಲವೆ ದೊಡ್ಡ ಸುತ್ತು ಹಾಕಬೇಕು.

ಹಾಗಾದರೆ ಇನ್ನೂ ದೊಡ್ಡದಾದ, ಬಲವಾದ ನಾಯಿಯನ್ನು ಬೆಳೆಸಿದರೆ ಆಗದೆ? ಇದಕ್ಕೆ ಉತ್ತರವನ್ನು ೧೬೩೮ರಲ್ಲಿಯೇ ಗೆಲಿಲಿಯೋ ಕೊಟ್ಟಿದ್ದಾನೆ. ಪ್ರಾಣಿಯ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಅದರ ತೂಕ ಉದ್ದದ ಘನದಂತೆ ಏರುತ್ತದೆ; ಸ್ನಾಯು ಮೂಳೆಗಳ ಬಲ ಅವುಗಳ ಅಡ್ಡಕೊಯ್ತದ ಕ್ಷೇತ್ರವನ್ನು ಅವಲಂಬಿಸಿರುವುದರಿಂದ ಉದ್ದದ ವರ್ಗದಂತೆ ಮಾತ್ರ ಏರುತ್ತದೆ. ೭೦ ಸೆಂಟಿಮೀಟರಿನ ನಾಯಿಯನ್ನು ೮೪ ಸೆಂಟಿಮೀಟರಿಗೆ ಏರಿಸಿದೆವೆನ್ನಿ. ೨೫ ಕಿಲೋಗ್ರಾಂ ಇದ್ದುದು ೪೩ ಆಗುತ್ತದೆ. ಬಲ ಹೆಚ್ಚುವುದು ೧.೪೪ ಪಟ್ಟು, ಹೊರೆ ಹೆಚ್ಚುವುದು ೧.೭೩ ಪಟ್ಟು. ಅಂಗಳದಲ್ಲಿ ನಿಂತು ಗದರಿಸುವ ನಾಯಿಗೆ ಇದರಿಂದ ನಷ್ಟವಿಲ್ಲ. ಮೊಲದ ಹಿಂದೆ ಹೊರಳುವ ನಾಯಿಗೆ ಸರ್ವನಾಶ.

ಬಿಸಿಲಿನ ಪ್ರಶ್ನೆಯೂ ಇದೆ. ಸ್ನಾಯುಗಳು ಬಳಸುವ ಶಕ್ತಿಯ ಹೆಚ್ಚಿನ ಪಾಲು ಉಷ್ಣವಾಗಿ ಪರಿಣಮಿಸುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ನಾಲಿಗೆ ಚಾಚಿ ಏದುತ್ತ, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸಿ ಅದು ತಣಿಯಬೇಕು. ೨೫ ಕಿಲೋಗ್ರಾಮಿನ ನಾಯಿಯ ಮೈಯ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಇಳಿಸಲು ಸುಮಾರು ೩೬ ಗ್ರಾಂ ನೀರು ಆವಿಯಾಗಬೇಕಾಗುತ್ತದೆ. ತೆಳುವಾದ ಮೈಗೆ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಕೂದಲು ಗಿಡ್ಡ, ಕೊಬ್ಬು ಅತ್ಯಲ್ಪ. ಹೊಸಬರು ಹಸಿವೆಂದು ತಿಳಿದುದು ವಾಸ್ತವವಾಗಿ ಉಷ್ಣವನ್ನು ಹೊರಹಾಕುವ ಏರ್ಪಾಡು. ಇನ್ನು ಕಣ್ಣು: ಮನುಷ್ಯನಿಗೆ ಸುಮಾರು ೧೮೦ ಡಿಗ್ರಿಯಷ್ಟು ಕಂಡರೆ ನಾಯಿಗೆ ೨೪೦ರಷ್ಟು ಕಾಣುತ್ತದೆ. ಉದ್ದ ಮೋರೆಯ ತಳಿಗಳಲ್ಲಿ ಅಕ್ಷಿಪಟಲದ ನರಕೋಶಗಳು ಅಡ್ಡಪಟ್ಟಿಯಾಗಿ ದಟ್ಟೈಸಿರುವುದರಿಂದ ದಿಗಂತದುದ್ದಕ್ಕೂ ಆಗುವ ಅಲುಗಾಟ ಕೂಡಲೇ ಗೋಚರವಾಗುತ್ತದೆ. ಕಾವಲುನಾಯಿಯೆಂಬ ಹೆಸರಿನಲ್ಲಿ ನಿಜವಾದ ಅಂಶ ಇರುವುದು ಇಲ್ಲಿಯೇ. ದೂರದ ಚಲನೆಯನ್ನು ಇದು ಬೇಗ ಕಾಣುತ್ತದೆ. ಅಪರಿಚಿತರ ಕೈ ಮೈಮೇಲೆ ಬೀಳುವುದನ್ನು ಸಹಿಸುವುದಿಲ್ಲ. ಎದುರಾಳಿಯನ್ನು ಕೆಡವಿ ಹಿಡಿದಿಡುವ ಭಾರ ಮಾತ್ರ ಇದಕ್ಕಿಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಮೊಲದ ಬೇಟೆ ಅಪರಾಧವಾಯಿತು. ಅದು ಆಗಬೇಕಾದುದೇ. ಆದರೆ ತಳಿ ಯಾವ ಕೆಲಸಕ್ಕಾಗಿ ರೂಪುಗೊಂಡಿತೋ ಆ ಕೆಲಸವೇ ಇಲ್ಲದಾಯಿತು. ಕೀರ್ತಿ ಏರತೊಡಗಿದುದು, ಆಶ್ಚರ್ಯವೆಂದರೆ, ಅದಾದ ಬಳಿಕ. ೨೦೦೫ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನ ಕೇಂದ್ರ ಸ್ಥಾಪಿತವಾಯಿತು. ೨೦೧೬ರಲ್ಲಿ ಮರಿಗಳು ಮೀರತಿನ ಸೈನ್ಯಶಿಬಿರಕ್ಕೆ ತರಬೇತಿಗೆ ಹೋದವು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ದೇಶೀ ನಾಯಿಗಳನ್ನು ಸಾಕಿರೆಂದು ಹೇಳಿ ಮುಧೋಳದ ಹೆಸರನ್ನೆತ್ತಿದರು. ೨೦೨೪ರ ಅಖಿಲ ಭಾರತ ಪೊಲೀಸ್ ಸ್ಪರ್ಧೆಯಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳದ ಹೆಣ್ಣುನಾಯಿ ಜಾಡು ಹಿಡಿಯುವುದರಲ್ಲಿ ಮೊದಲನೆಯದಾಯಿತು. ಕಣ್ಣಿನಿಂದ ಬೇಟೆಯಾಡುವ ನಾಯಿ ಮೂಗಿನ ಸ್ಪರ್ಧೆಯನ್ನು ಗೆದ್ದುದು ಗಮನಾರ್ಹ. ಘ್ರಾಣಶಕ್ತಿ ಎಲ್ಲ ನಾಯಿಗಳಿಗೂ ಉಂಟು. ಅದನ್ನು ತಿದ್ದುವ ಶಿಕ್ಷಣ ಬೇಕು, ಅಷ್ಟೆ.

ಬೇಡಿಕೆ ಹೆಚ್ಚಿದೊಡನೆ ಅಪಾಯವೂ ಹೆಚ್ಚುತ್ತದೆ. ಕೊಳ್ಳುವವನು ಕಾವಲಿಗೆಂದು ‘ದೊಡ್ಡ ನಾಯಿ’ಯನ್ನೇ ಕೇಳಿದರೆ ಮಾರುವವನು ದಪ್ಪವಾದುದನ್ನೇ ಆರಿಸಿ ಬೆಳೆಸುತ್ತಾನೆ, ಅಥವಾ ಗ್ರೇಹೌಂಡಿನಂಥ ಪರತಳಿಯೊಡನೆ ಬೆರೆಸಿ ಅದೇ ಹೆಸರಿನಲ್ಲಿ ಮಾರುತ್ತಾನೆ. ಬೆರಕೆಗೆ ಹೆದರಿ ಒಂದೇ ಮನೆಯ ನಾಯಿಗಳನ್ನು ಕೂಡಿಸುವುದೂ ಕ್ಷೇಮವಲ್ಲ. ಒಡಹುಟ್ಟಿದ ಎರಡು ನಾಯಿಗಳ ಮರಿಯಲ್ಲಿ ಯಾವುದೇ ಒಂದು ವಂಶವಾಹಿಯ ಎರಡು ಪ್ರತಿಗಳೂ ಪೂರ್ವಜನೊಬ್ಬನ ಒಂದೇ ಪ್ರತಿಯಿಂದ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಅಡಗಿರುವ ದೋಷಗಳು ಹೊರಬೀಳುವುದು ಆಗಲೇ. ಇಂಥ ಕೂಡಿಕೆಯನ್ನು ತಪ್ಪಿಸಲು ತಾಯಿ, ತಂದೆ, ಅಜ್ಜ ಅಜ್ಜಿಯರ ಹೆಸರುಗಳನ್ನು ಬರೆದಿಟ್ಟ ವಂಶಾವಳಿ ಬೇಕು. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಮುಧೋಳದ ನಾಯಿಯನ್ನು ಪ್ರತ್ಯೇಕ ತಳಿಯೆಂದು ದಾಖಲೆ ಮಾಡಿದೆ. ಆದರೆ ಮರಿಗಳು ಹುಟ್ಟುವುದು ಮುಧೋಳ ಸೀಮೆಯ ನೂರಾರು ರೈತರ ಅಂಗಳಗಳಲ್ಲಿ. ಆ ವಂಶಾವಳಿಯ ಮೊದಲ ಸಾಲನ್ನು ಬರೆಯಬೇಕಾದುದೂ ಅಲ್ಲಿಯೇ.