ಹಳೆಯ ಕಂಪ್ಯೂಟರಿನ ಬೆಲೆ

(ಹಳೆಯ ವಸ್ತುಗಳೆಲ್ಲ ಕಸವಲ್ಲ. ಕೆಲವು ವಸ್ತುಗಳಿಗೆ ವಯಸ್ಸಾದಂತೆ ಬೆಲೆ ಹೆಚ್ಚುತ್ತದೆ. ಅಂಥ ವಸ್ತುವನ್ನು ಗುರುತಿಸುವ ಮತ್ತು ಮಾರುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.)

ನಮ್ಮ ಓಣಿಗೆ ಹಳೆಯ ಸಾಮಾನು ಕೊಳ್ಳುವವನು ಗಾಡಿ ತಳ್ಳುತ್ತ ಬರುತ್ತಾನೆ. "ಹಳೇ ಕಬ್ಬಿಣ, ಡಬ್ಬಿ, ರದ್ದೀ!" ಎಂದು ಕೂಗುತ್ತಾನೆ. ತೂತು ಬಿದ್ದ ಕೊಡ, ತುಕ್ಕು ಹಿಡಿದ ಸಲಾಕೆ, ಕೆಟ್ಟ ರೇಡಿಯೊ ಎಲ್ಲವೂ ಅವನ ತಕ್ಕಡಿಗೆ ಬೀಳುತ್ತವೆ. ತಕ್ಕಡಿಗೆ ತೂಕ ಮಾತ್ರ ತಿಳಿಯುತ್ತದೆ. ವಸ್ತುವಿನ ಕಥೆ ತಿಳಿಯುವುದಿಲ್ಲ.

2015ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಪ್ರಸಂಗ ಪತ್ರಿಕೆಗಳಲ್ಲಿ ಬಂದಿತ್ತು. ಗಂಡನನ್ನು ಕಳೆದುಕೊಂಡ ಒಬ್ಬ ಮಹಿಳೆ ಮನೆ ಸ್ವಚ್ಛ ಮಾಡುತ್ತಿದ್ದಳು. ಹಳೆಯ ವಿದ್ಯುತ್ ಸಾಮಾನುಗಳನ್ನು ಡಬ್ಬಗಳಲ್ಲಿ ತುಂಬಿ, ಅಂಥ ಸಾಮಾನು ತೆಗೆದುಕೊಳ್ಳುವ ಒಂದು ಸಂಸ್ಥೆಗೆ ಕೊಟ್ಟಳು. "ರಸೀದಿ ಬೇಕೇ?" ಎಂದು ಅಲ್ಲಿಯವರು ಕೇಳಿದರು. "ಬೇಡ" ಎಂದಳು. ಹೆಸರು ಹೇಳದೆ ಹೊರಟುಹೋದಳು. ಕೆಲವು ವಾರಗಳ ನಂತರ ಆ ಡಬ್ಬಗಳನ್ನು ತೆರೆದವರು ಬೆರಗಾದರು. ಅವುಗಳಲ್ಲಿ ಒಂದು ಆಪಲ್-1 ಕಂಪ್ಯೂಟರ್ ಇತ್ತು!

ಆಪಲ್-1 ಎಂದರೇನು? 1976ರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ತರುಣ ಇದನ್ನು ರೂಪಿಸಿದರು. ಅವರ ಗೆಳೆಯ ಸ್ಟೀವ್ ಜಾಬ್ಸ್ ಇದನ್ನು ಮಾರುವ ಹೊಣೆ ಹೊತ್ತರು. ಬಂಡವಾಳಕ್ಕಾಗಿ ಒಬ್ಬರು ತಮ್ಮ ಕ್ಯಾಲ್ಕುಲೇಟರನ್ನು, ಇನ್ನೊಬ್ಬರು ತಮ್ಮ ವ್ಯಾನನ್ನು ಮಾರಿದರು. ಅವರು ತಯಾರಿಸಿದ್ದು ಕೇವಲ ಒಂದು ಹಲಗೆ. ಅದರ ಮೇಲೆ ಸಣ್ಣ ಸಣ್ಣ ಬಿಡಿಭಾಗಗಳನ್ನು ಬೆಸೆದಿದ್ದರು. ಪೆಟ್ಟಿಗೆ, ಕೀಲಿಮಣೆ, ಪರದೆಗಳನ್ನು ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ಅದರ ನೆನಪಿನ ಶಕ್ತಿ 4 ಕಿಲೋಬೈಟ್, ಅಂದರೆ ಸುಮಾರು ನಾಲ್ಕು ಸಾವಿರ ಅಕ್ಷರಗಳಷ್ಟು ಮಾತ್ರ. ಬೆಲೆ 666.66 ಡಾಲರ್.

ಇಂಥ ಹಲಗೆಗಳು ತಯಾರಾದದ್ದು ಸುಮಾರು 200. ಮರುವರ್ಷ ಆಪಲ್-2 ಬಂದಿತು. ಹಳೆಯದನ್ನು ಮರಳಿಸಿದವರಿಗೆ ಕಂಪನಿಯು ಹೊಸದನ್ನು ರಿಯಾಯಿತಿಯಲ್ಲಿ ಕೊಟ್ಟಿತು. ಮರಳಿ ಬಂದ ಹಲಗೆಗಳನ್ನು ನಾಶಪಡಿಸಿತು. ಹೀಗೆ ಮೊದಲೇ ಕಡಿಮೆ ಇದ್ದವು ಇನ್ನೂ ಕಡಿಮೆಯಾದವು. ಉಳಿದವುಗಳ ಬೆಲೆ ಏರುತ್ತ ಹೋಯಿತು. 2014ರಲ್ಲಿ ಅಮೇರಿಕೆಯ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು ಒಂದು ಆಪಲ್-1 ಕಂಪ್ಯೂಟರನ್ನು ಹರಾಜಿನಲ್ಲಿ 9,05,000 ಡಾಲರಿಗೆ ಕೊಂಡಿತು.

ಇನ್ನೊಂದು ಆಪಲ್-1ರ ಕಥೆ ಕೇಳಿರಿ. ಅದು ಒಬ್ಬ ಪ್ರಾಧ್ಯಾಪಕರ ಬಳಿ ಇತ್ತು. ಅವರಿಗೆ ಆಪಲ್-2 ಕೊಳ್ಳಬೇಕಾಗಿತ್ತು. ಆದ್ದರಿಂದ 1977ರಲ್ಲಿ ಹಳೆಯದನ್ನು ತಮ್ಮ ವಿದ್ಯಾರ್ಥಿಗೆ 650 ಡಾಲರಿಗೆ ಮಾರಿದರು. ಆ ವಿದ್ಯಾರ್ಥಿ ಅದನ್ನು 44 ವರ್ಷ ಜೋಪಾನವಾಗಿ ಇಟ್ಟುಕೊಂಡನು. 2021ರ ಹರಾಜಿನಲ್ಲಿ ಅದಕ್ಕೆ 4,00,000 ಡಾಲರ್, ಅಂದರೆ ಸುಮಾರು ಮೂರು ಕೋಟಿ ರೂಪಾಯಿಯ ಬೋಲಿ ಬಂದಿತು.

ಕೆಲಸಕ್ಕೆ ಬಾರದ ಯಂತ್ರಕ್ಕೆ ಇಷ್ಟು ಹಣವೇಕೆ ಎಂದು ನಿಮಗೆ ಅನಿಸಬಹುದು. ನಮ್ಮ ಜತ್ತ ತಾಲೂಕಿನ ಮಾಡಗ್ಯಾಳ ಕುರಿಗಳನ್ನು ನೀವು ನೋಡಿರುವಿರಿ. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗಿನ ಟಗರಿಗೆ ಸಂತೆಯಲ್ಲಿ ಎಷ್ಟು ಬೆಲೆ! ಅದನ್ನು ಕೊಳ್ಳುವವನು ಮಾಂಸದ ತೂಕ ನೋಡುವುದಿಲ್ಲ, ತಳಿ ನೋಡುತ್ತಾನೆ. ಸಂಗ್ರಾಹಕರೂ ಹಾಗೆಯೇ. ವಸ್ತು ಎಷ್ಟು ಅಪರೂಪ, ಎಷ್ಟು ಮೂಲರೂಪದಲ್ಲಿದೆ, ಅದರ ಹಿಂದಿನ ಇತಿಹಾಸವೇನು ಎಂಬುದನ್ನು ನೋಡುತ್ತಾರೆ.

ನಮ್ಮ ದೇಶಕ್ಕೂ ಇಂಥ ಪುಟ್ಟ ಕಂಪ್ಯೂಟರುಗಳು ಬಂದಿದ್ದವು. 1984ರಲ್ಲಿ ಕೇಂದ್ರ ಸರಕಾರವು ಶಾಲೆಗಳಿಗಾಗಿ 'ಕ್ಲಾಸ್' ಎಂಬ ಯೋಜನೆ ಆರಂಭಿಸಿತು. ಅದರಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಬಳಸಿದರು. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರನ್ನು ಮುಂದೆ ನಮ್ಮ ಪುಣೆಯಲ್ಲಿಯೂ ತಯಾರಿಸಿದರು. ಅದಕ್ಕೆ ಮನೆಯ ಟಿವಿಯೇ ಪರದೆ. ಹಾಡು ಕೇಳುವ ಕ್ಯಾಸೆಟ್ಟಿನಲ್ಲಿಯೇ ಅದರ ಆಟಗಳು, ಲೆಕ್ಕಗಳು ಇರುತ್ತಿದ್ದವು.

ಆದರೆ ಒಂದು ಮಾತು ನೆನಪಿಡಿರಿ. ಹಳೆಯದೆಲ್ಲ ಬಂಗಾರವಲ್ಲ. ಸ್ಪೆಕ್ಟ್ರಮ್ ಕಂಪ್ಯೂಟರುಗಳು ಜಗತ್ತಿನಲ್ಲಿ ಲಕ್ಷಗಟ್ಟಲೆ ಮಾರಾಟವಾಗಿವೆ. ಅದಕ್ಕೆ ಆಪಲ್-1ರ ಬೆಲೆ ಬರುವುದಿಲ್ಲ. ವಯಸ್ಸಿನಿಂದಷ್ಟೇ ಬೆಲೆ ಬರುವುದಿಲ್ಲ, ಅಪರೂಪವಾದರೆ ಬರುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೆ ಇಂಥ ಯಂತ್ರ ಸಿಕ್ಕರೆ ಏನು ಮಾಡುವಿರಿ? ಮೊದಲು ಹಿರಿಯರಿಗೆ ತೋರಿಸಿರಿ. ಕೂಡಲೇ ಕರೆಂಟಿಗೆ ಹಚ್ಚಬೇಡಿರಿ. ಬಹಳ ವರ್ಷ ಸುಮ್ಮನಿದ್ದ ಯಂತ್ರದ ಒಳಭಾಗಗಳು ಕೆಟ್ಟಿರುತ್ತವೆ; ಒಮ್ಮೆಲೇ ವಿದ್ಯುತ್ ಹರಿದರೆ ಸುಟ್ಟುಹೋಗಬಹುದು. ನೀರಿನಿಂದ ತೊಳೆಯಬಾರದು, ಬಣ್ಣ ಹಚ್ಚಬಾರದು. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಕೆಳಭಾಗದಲ್ಲಿ ಹೆಸರು, ಕ್ರಮಾಂಕ ಇದ್ದರೆ ಬರೆದುಕೊಳ್ಳಬೇಕು. ಕೊಂಡಾಗಿನ ಪಾವತಿ, ಪುಸ್ತಕ, ಕ್ಯಾಸೆಟ್ಟು, ಹರಿದ ಡಬ್ಬವನ್ನು ಸಹ ಎಸೆಯಬಾರದು. ಅವೇ ಆ ಯಂತ್ರದ ಸಾಕ್ಷಿಗಳು. ನಂತರ ಎಲ್ಲ ಬದಿಯಿಂದ ಫೋಟೊ ತೆಗೆದು, ಬಲ್ಲವರಿಗೆ ತೋರಿಸಿ, ಬೆಲೆ ವಿಚಾರಿಸಬೇಕು. ಒಬ್ಬರ ಮಾತನ್ನೇ ನಂಬಬಾರದು.

ಮಾರುವಾಗ ಕುಂದನ್ನು ಮುಚ್ಚಿಡಬಾರದು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬಾಯಿ ತೆರೆದು ಹಲ್ಲು ನೋಡುತ್ತಾನೆ. ಒಳ್ಳೆಯ ರೈತ ಅವನು ಕೇಳುವ ಮೊದಲೇ, "ಇದು ಸ್ವಲ್ಪ ಹಾಯುತ್ತದೆ, ಜೋಕೆ" ಎಂದು ಹೇಳುತ್ತಾನೆ. ಅದೇ ರೀತಿ, "ಈ ಕೀಲಿ ಕೆಲಸ ಮಾಡುವುದಿಲ್ಲ, ಈ ಭಾಗ ಬದಲಾಯಿಸಿದ್ದು" ಎಂದು ಮೊದಲೇ ಹೇಳಬೇಕು. ಬೆಲೆ ಸ್ವಲ್ಪ ಇಳಿಯಬಹುದು, ನಂಬಿಕೆ ಉಳಿಯುತ್ತದೆ.

ಇನ್ನು ಕ್ಯಾಲಿಫೋರ್ನಿಯಾದ ಆ ಡಬ್ಬದ ಮಾತು. ಅದರಲ್ಲಿದ್ದ ಆಪಲ್-1 ಕಂಪ್ಯೂಟರನ್ನು ಸಂಸ್ಥೆಯವರು 2,00,000 ಡಾಲರಿಗೆ ಮಾರಿದರು. ಸಾಮಾನು ಮಾರಿ ಬಂದ ಹಣದಲ್ಲಿ ಅರ್ಧವನ್ನು ತಂದುಕೊಟ್ಟವರಿಗೆ ಕೊಡುವುದು ಅವರ ನಿಯಮವಾಗಿತ್ತು. ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಸೀದಿ ಇರಲಿಲ್ಲ, ಹೆಸರೂ ಇರಲಿಲ್ಲ. ಆದರೂ ಅವರು, "ಅಮ್ಮಾ, ನಿಮ್ಮ 1,00,000 ಡಾಲರ್ ನಮ್ಮ ಬಳಿ ಇದೆ, ಬಂದು ಒಯ್ಯಿರಿ" ಎಂಬ ಸುದ್ದಿಯನ್ನು ಪತ್ರಿಕೆ, ಟಿವಿಗಳ ಮೂಲಕ ಊರಿಗೆಲ್ಲ ಸಾರಿದರು.

ಆ ಹಳೆಯ ಹಲಗೆಗೆ ಬೆಲೆ ಇತ್ತು. ಈ ಮಾತಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಇದೆ, ಅಲ್ಲವೇ?

ಶಬ್ದಗಳ ಅರ್ಥ
ಸಂಗ್ರಾಹಕ - ಅಪರೂಪದ ವಸ್ತುಗಳನ್ನು ಕೂಡಿಸಿಡುವವನು
ಹರಾಜು - ಲಿಲಾವು
ಬೋಲಿ - ಹರಾಜಿನಲ್ಲಿ ಕೂಗುವ ಬೆಲೆ
ಪಾವತಿ - ರಸೀದಿ
ಕುಂದು - ದೋಷ, ಕೊರತೆ

ಸ್ವಾಧ್ಯಾಯ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಆಪಲ್-1 ಕಂಪ್ಯೂಟರನ್ನು ರೂಪಿಸಿದವರು ಯಾರು?
2. ಸ್ಪೆಕ್ಟ್ರಮ್ ಕಂಪ್ಯೂಟರನ್ನು ನಮ್ಮ ರಾಜ್ಯದ ಯಾವ ನಗರದಲ್ಲಿ ತಯಾರಿಸಿದರು?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಆಪಲ್-1 ಕಂಪ್ಯೂಟರುಗಳು ಏಕೆ ಅಪರೂಪವಾದವು?
2. ಹಳೆಯ ಯಂತ್ರವನ್ನು ಕೂಡಲೇ ಕರೆಂಟಿಗೆ ಏಕೆ ಹಚ್ಚಬಾರದು?

ಇ) ವಿಚಾರ ಮಾಡಿ ಹೇಳಿರಿ.
ಆ ಸಂಸ್ಥೆಯವರ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಉಪಕ್ರಮ : ನಿಮ್ಮ ಮನೆಯಲ್ಲಿರುವ ಅತಿ ಹಳೆಯ ವಸ್ತು ಯಾವುದು? ಅದು ಯಾವಾಗ, ಎಲ್ಲಿಂದ ಬಂದಿತು ಎಂಬುದನ್ನು ಅಜ್ಜ-ಅಜ್ಜಿಯರಿಂದ ಕೇಳಿ ತಿಳಿದು ಐದು ವಾಕ್ಯ ಬರೆಯಿರಿ.