ಹೊಣೆಯನ್ನು ಒಪ್ಪಿಸುವ ಬಗೆ

ಜಾತ್ರೆಯ ದಾಸೋಹದ ಹೊಣೆಯನ್ನು ಹೊತ್ತ ಹಿರಿಯರೊಬ್ಬರನ್ನು ವಾಚಕರು ಭಾವಿಸಿಕೊಳ್ಳಬಹುದು. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿಯೇ ಇದೆ. ಅಕ್ಕಿಯನ್ನು ಅಳೆದು ಕೊಡುವವರು ಅವರೇ. ಸೌದೆಯ ಗಾಡಿ ಬಂದರೆ ಇಳಿಸುವ ಸ್ಥಳವನ್ನು ತೋರಿಸುವವರು ಅವರೇ. ಸಾರಿಗೆ ಉಪ್ಪು ಸಾಲದೆ ಹೋದರೆ ಕರೆ ಬರುವುದೂ ಅವರಿಗೇ. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಪಂಕ್ತಿ ಎಲೆಯ ಮುಂದೆ ಕುಳಿತಿದೆ. ಅನ್ನದ ಕೊಪ್ಪರಿಗೆ ಬರಿದಾಗಿದೆ, ಒಲೆಯ ಮೇಲೆ ಎಸರು ಮರಳುತ್ತಿದೆ, ಉಗ್ರಾಣದ ಬಾಗಿಲಿಗೆ ಬೀಗ ಬಿದ್ದಿದೆ. ಬೀಗದ ಕೈಯುಳ್ಳ ಹಿರಿಯರು ಮಾತ್ರ ತೇರಿನ ಬಯಲಿನಲ್ಲಿ ಕುಡಿಯುವ ನೀರಿನ ಏರ್ಪಾಡನ್ನು ನೋಡುತ್ತ ನಿಂತಿದ್ದಾರೆ. ಸಂಜೆ ಅವರು ದಣಿದು ಕುಳಿತು, “ಎಲ್ಲವನ್ನೂ ಒಬ್ಬನೇ ಎಷ್ಟೆಂದು ನೋಡಲಿ? ಒಬ್ಬರಾದರೂ ಕೈ ಹಚ್ಚಲಿಲ್ಲ” ಎಂದು ನೊಂದುಕೊಳ್ಳುತ್ತಾರೆ. ಅತ್ತ ಅಡುಗೆಯ ಮನೆಯಲ್ಲಿ ತರುಣರು, “ಕೇಳದೆ ಮಾಡಿದರೆ ಅಪ್ಪನವರಿಗೆ ಸಿಟ್ಟು, ಕೇಳಿ ಮಾಡೋಣವೆಂದರೆ ಅವರು ಸಿಗುವುದಿಲ್ಲ” ಎಂದುಕೊಳ್ಳುತ್ತಾರೆ. ಇಬ್ಬರ ಮಾತೂ ನಿಜವೇ.

ಇಲ್ಲಿ ಯಾರೂ ಸೋಮಾರಿಗಳಲ್ಲ. ಭಕ್ತಿಗೂ ಕೊರತೆಯಿಲ್ಲ. ಕೊರತೆಯಿರುವುದು ಹೊಣೆಯನ್ನು ಒಪ್ಪಿಸುವ ಬಗೆಯಲ್ಲಿ. ಒಪ್ಪಿಸಿದುದನ್ನು ತಿಳಿಯಹೇಳುವ ಬಗೆಯಲ್ಲಿ. ಕೆಲಸವನ್ನು ಹೇಳುವುದು ಬೇರೆ, ಹೊಣೆಯನ್ನು ಒಪ್ಪಿಸುವುದು ಬೇರೆ. “ಹೋಗಿ ಎರಡು ಕೊಡ ನೀರು ತಾ” ಎಂದರೆ ಅದು ಕೆಲಸ. “ಮೂರು ದಿನವೂ ಪಂಕ್ತಿಗೆ ನೀರು ತಪ್ಪದಂತೆ ನೋಡಿಕೊಳ್ಳುವುದು ನಿನಗೆ ಸೇರಿದ್ದು” ಎಂದರೆ ಅದು ಹೊಣೆ. ಮೊದಲನೆಯದರಲ್ಲಿ ಕೈಗೆ ಮಾತ್ರ ದುಡಿಮೆ. ಎರಡನೆಯದರಲ್ಲಿ ಬುದ್ಧಿಗೂ ದುಡಿಮೆಯುಂಟು.

ಶರಣರ ಕಾಯಕತತ್ತ್ವವನ್ನು ಕುರಿತು ಮಾತನಾಡುವಾಗ, ಯಾವ ಕಾಯಕವೂ ಮೇಲಲ್ಲ, ಕೀಳಲ್ಲ ಎಂಬ ಅಂಶವನ್ನು ಎಲ್ಲರೂ ಎತ್ತಿ ಹೇಳುವುದುಂಟು. ಅದರೊಳಗೇ ಅಡಗಿರುವ ಇನ್ನೊಂದು ಅಂಶವು ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಕಾಯಕವು ಮಾಡುವವನ ಸ್ವಂತದ್ದು. ನುಲಿಯ ಚಂದಯ್ಯನ ಹುಲ್ಲುಹಗ್ಗದ ಕಾಯಕವು ಚಂದಯ್ಯನದೇ. ಮಡಿವಾಳ ಮಾಚಯ್ಯನದು ಮಾಚಯ್ಯನದೇ. ಹಾಗಿರುವಾಗ ಒಬ್ಬನಿಗೆ ಒಪ್ಪಿಸಿದ ಕಾಯಕದಲ್ಲಿ ಗಳಿಗೆಗೊಮ್ಮೆ ಕೈಯಿಕ್ಕಿ, ಅವನನ್ನು ಬರಿಯ ಆಳಿನಂತೆ ನಡೆಸಿಕೊಳ್ಳುವ ಹಿರಿಯನು ಅವನ ಕಾಯಕವನ್ನೇ ಕಸಿದುಕೊಂಡಂತಾಗುವುದಿಲ್ಲವೆ? ಇದು ಕಟುವಾದ ಮಾತೆನಿಸಬಹುದು. ಆದರೂ ಸಂಘಸಂಸ್ಥೆಗಳನ್ನು ನಡೆಸುವ ಸಜ್ಜನರು ಏಕಾಂತದಲ್ಲಿ ಆಲೋಚಿಸತಕ್ಕ ಮಾತಾಗಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ಎಲ್ಲರಿಗೂ ವಿದಿತವಾದದ್ದು. ಮಾರಯ್ಯನು ಅಲ್ಲಮಪ್ರಭುವಿನೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತಿರಲಾಗಿ, ಅಕ್ಕಿಯನ್ನು ಆಯುವ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮ ಬಂದು ನೆನಪಿಸಿದಳು. ಹಾಗೆಯೇ ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ತಿರುಗಿ ಕಳುಹಿಸಿದಳು. ಈ ಎರಡು ಪ್ರಸಂಗಗಳನ್ನು ನಿರಾಸೆಯ ದೃಷ್ಟಾಂತವೆಂದೇ ಸಾಮಾನ್ಯವಾಗಿ ಓದಲಾಗುತ್ತದೆ. ಅವುಗಳಲ್ಲಿ ಮಾತಿನ ನೀತಿಯೂ ಇದೆ. ಲಕ್ಕಮ್ಮ ಹೇಳಿದ್ದು ಸಕಾಲದಲ್ಲಿ, ನೇರವಾಗಿ, ಹೇಳಬೇಕಾದವನಿಗೇ. ನೆರೆಮನೆಯ ಜಗುಲಿಯಲ್ಲಿ ಅಲ್ಲ. ಮಾರಯ್ಯನು ಅದನ್ನು ಕೇಳಿದನು. ಹೇಳುವ ಧೈರ್ಯ ಒಂದು ಕಡೆ, ಕೇಳುವ ವಿನಯ ಇನ್ನೊಂದು ಕಡೆ ಇದ್ದುದರಿಂದಲೇ ಆ ಕಾಯಕವು ಅಳತೆ ತಪ್ಪಲಿಲ್ಲ.

ಇದೇ ನೀತಿಯು ದೊಡ್ಡ ಕಾರ್ಯದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಬೆಂಗಳೂರಿಗೆ ಸೇರಿದ ಒಂದು ನಿದರ್ಶನವಿದೆ. ಪ್ರೊಫೆಸರ್ ಸತೀಶ್ ಧವನ್ ಅವರು ೧೯೬೨ರಿಂದ ೧೯೮೧ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ೧೯೭೧ರ ಡಿಸೆಂಬರಿನಲ್ಲಿ ವಿಕ್ರಮ್ ಸಾರಾಭಾಯಿಯವರು ಅಕಾಲದಲ್ಲಿ ತೀರಿಕೊಂಡ ತರುವಾಯ ದೇಶದ ಬಾಹ್ಯಾಕಾಶ ಕಾರ್ಯದ ನೊಗವನ್ನು ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರು ಧವನ್ ಅವರನ್ನು ಕೇಳಿದರು. ಆಗ ಅವರು ಅಮೆರಿಕದಲ್ಲಿದ್ದರು. ಒಪ್ಪಿಕೊಳ್ಳುವುದಕ್ಕೆ ಎರಡು ನಿಬಂಧನೆಗಳನ್ನು ಮುಂದಿಟ್ಟರು: ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ತಾವು ಬಿಡುವುದಿಲ್ಲ, ಬಾಹ್ಯಾಕಾಶ ಕಾರ್ಯದ ಮುಖ್ಯ ಕಛೇರಿ ಬೆಂಗಳೂರಿನಲ್ಲಿರತಕ್ಕದ್ದು. ಎರಡೂ ಮಾನ್ಯವಾದವು. ೧೯೭೨ರಿಂದ ೧೯೮೪ರವರೆಗೆ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅದರಲ್ಲಿ ಸುಮಾರು ಒಂಬತ್ತು ವರ್ಷಗಳ ಕಾಲ ಎರಡು ದೊಡ್ಡ ಸಂಸ್ಥೆಗಳ ಭಾರವು ಒಂದೇ ಹೆಗಲ ಮೇಲಿತ್ತು.

ಎಲ್ಲವನ್ನೂ ತಾನೇ ನೋಡಬೇಕೆನ್ನುವ ಸ್ವಭಾವದವರಾಗಿದ್ದರೆ ಅವರು ಒಂದೇ ವರ್ಷದಲ್ಲಿ ಕುಸಿಯುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಉಪಗ್ರಹದ ಕಾರ್ಯವು ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರಿಗೆ ಸೇರಿತು. ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಅವರ ತಂಡವು ಕಟ್ಟಿದ ಆರ್ಯಭಟ ಉಪಗ್ರಹವನ್ನು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ದೇಶದಿಂದ ಹಾರಿಸಲಾಯಿತು. ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣವನ್ನು ಮುಟ್ಟಿಸುವ ಪ್ರಯೋಗವು ಅಹಮದಾಬಾದಿನಲ್ಲಿ ಯಶಪಾಲ್ ಅವರ ಹೊಣೆಯಾಯಿತು. ೧೯೭೫-೭೬ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ೨೪೦೦ ಹಳ್ಳಿಗಳಲ್ಲಿ ಅದು ನಡೆಯಿತು. ರಾಕೆಟ್ಟಿನ ಕೆಲಸವು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದಲ್ಲಿ ನಿರ್ದೇಶಕ ಬ್ರಹ್ಮಪ್ರಕಾಶ್ ಅವರ ಆಶ್ರಯದಲ್ಲಿ ನಡೆದು, ಎಸ್.ಎಲ್.ವಿ.-೩ ಎಂಬ ಉಡ್ಡಯನ ವಾಹನದ ಯೋಜನಾ ನಿರ್ದೇಶಕರಾಗಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ನೇಮಕಗೊಂಡರು. ಇವರೆಲ್ಲರಿಗೂ ದೊರೆತದ್ದು ಬರಿಯ ಕೆಲಸವಲ್ಲ. ಅದನ್ನು ನಡೆಸುವ ಅಧಿಕಾರವೂ ಕೂಡ.

ಎಸ್.ಎಲ್.ವಿ.-೩ ಇಪ್ಪತ್ತೆರಡು ಮೀಟರು ಎತ್ತರದ, ಹದಿನೇಳು ಟನ್ನು ತೂಕದ, ನಾಲ್ಕು ಹಂತಗಳುಳ್ಳ ವಾಹನ. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟಾದಲ್ಲಿ ಅದನ್ನು ಹಾರಿಸುವ ಮುಹೂರ್ತವು ಕೂಡಿಬಂದಿತು. ಹಾರುವುದಕ್ಕೆ ಕೆಲವೇ ನಿಮಿಷಗಳಿರುವಾಗ ಗಣಕಯಂತ್ರವು ದೋಷವನ್ನು ಕಂಡು ಎಣಿಕೆಯನ್ನು ತಡೆಯಿತು. ಬಳಿಯಲ್ಲಿದ್ದ ತಜ್ಞರು ಲೆಕ್ಕ ಹಾಕಿ, ಸೋರಿಕೆ ಅಲ್ಪವಾದುದು, ದ್ರವದ ಸಂಗ್ರಹ ಸಾಕಷ್ಟಿದೆ ಎಂದು ಹೇಳಿದರು. ಕಲಾಂ ಅವರು ಆ ಸಲಹೆಯನ್ನು ನಂಬಿ, ಯಂತ್ರದ ತಡೆಯನ್ನು ಮೀರಿ ಉಡ್ಡಯನಕ್ಕೆ ಅಪ್ಪಣೆಯಿತ್ತರು. ಮೊದಲನೆಯ ಹಂತವು ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ವಾಹನವು ಹತೋಟಿ ತಪ್ಪಿತು. ೩೧೭ ಸೆಕೆಂಡುಗಳಲ್ಲಿ ವರ್ಷಗಳ ಶ್ರಮವೆಲ್ಲ ಬಂಗಾಳ ಕೊಲ್ಲಿಯ ಪಾಲಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟವು ಸಿಕ್ಕಿಕೊಂಡು, ನೈಟ್ರಿಕ್ ಆಮ್ಲವು ಸೋರಿಹೋದುದೇ ಕಾರಣವೆಂದು ಅನಂತರ ಗೊತ್ತಾಯಿತು.

ಆ ದಿನ ಪತ್ರಿಕಾಗೋಷ್ಠಿಯನ್ನು ಎದುರಿಸಿದವರು ಧವನ್ ಅವರೇ. ವೈಫಲ್ಯದ ಹೊಣೆಯನ್ನು ತಮ್ಮ ಮೇಲೆ ತೆಗೆದುಕೊಂಡು, ತಮ್ಮ ತಂಡವು ಬಹಳ ಶ್ರಮಿಸಿದೆ, ಅದಕ್ಕೆ ಇನ್ನೂ ಹೆಚ್ಚಿನ ನೆರವು ಬೇಕಾಗಿದೆ, ಮುಂದಿನ ವರ್ಷ ಅದು ಗೆದ್ದೇ ಗೆಲ್ಲುವುದೆಂದು ಹೇಳಿದರು. ಮರುವರ್ಷ, ಅಂದರೆ ೧೯೮೦ರ ಜುಲೈ ೧೮ರಂದು, ಅದೇ ಬಗೆಯ ವಾಹನವು ೩೫ ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಅವರು ಕಲಾಂ ಅವರನ್ನು ಬಳಿಗೆ ಕರೆದು, ಇಂದಿನ ಪತ್ರಿಕಾಗೋಷ್ಠಿಯನ್ನು ನೀವೇ ನಡೆಸಿರಿ ಎಂದರು. ಮುಂದೆ ರಾಷ್ಟ್ರಪತಿಗಳಾದ ಕಲಾಂ ಅವರು ಈ ಸಂಗತಿಯನ್ನು ಸಭೆ ಸಭೆಗಳಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು.

ಕಥೆಯ ಇಷ್ಟು ಭಾಗವು ಬಹುಜನರ ಬಾಯಲ್ಲಿದೆ. ಉಳಿದ ಭಾಗವನ್ನು ಬಿಟ್ಟು ಇದನ್ನಷ್ಟೇ ಹೇಳಿದರೆ, ನಾಯಕನಾದವನು ತಪ್ಪನ್ನು ಮುಚ್ಚಿ ಕಾಪಾಡಬೇಕೆಂಬ ವಿಪರೀತಾರ್ಥಕ್ಕೆ ಎಡೆಯಾದೀತು. ನಡೆದದ್ದು ಹಾಗಲ್ಲ. ಹೊರಗೆ ತಂಡವನ್ನು ಕಾಯ್ದವರು ಒಳಗೆ ತಪ್ಪನ್ನು ಕೂಲಂಕಷವಾಗಿ ಹುಡುಕಿಸಿದರು. ವಿಮರ್ಶೆಯ ಸಭೆಗಳು ಸೇರಿದವು. ಯಾವ ಭಾಗವು ಯಾವ ಕ್ಷಣದಲ್ಲಿ ಕೆಟ್ಟಿತೆಂಬುದನ್ನು ಸಂಕೋಚವಿಲ್ಲದೆ ಬಿಡಿಸಿ ನೋಡಲಾಯಿತು. ಹಿರಿಯ ವಿಜ್ಞಾನಿಗಳ ಸಭೆಯಲ್ಲಿ ಕಲಾಂ ಅವರು ಎದ್ದು ನಿಂತು, ಸೋರಿಕೆಯನ್ನು ಅಲ್ಪವೆಂದು ಎಣಿಸಿದ ತೀರ್ಪು ತಮ್ಮದೇ ಆದುದರಿಂದ ಹೊಣೆಯೂ ತಮ್ಮದೇ ಎಂದು ಒಪ್ಪಿಕೊಂಡರು. ತಜ್ಞರು ಹೇಳಿದರೆಂದು ಅವರ ಕಡೆಗೆ ಬೆರಳು ತೋರಿಸಲಿಲ್ಲ. ಹೀಗೆ ಮೇಲಿನವರು ಹೊಣೆ ಹೊತ್ತುದನ್ನು ಕಂಡ ಕೆಳಗಿನವರು ತಾವೂ ಹೊರಲು ಮುಂದಾದರು. ಮೇಲಿನವರು ಜಾರಿಕೊಂಡಿದ್ದಲ್ಲಿ, ಆ ಸಭೆಯು ಕವಾಟದ ದೋಷವನ್ನು ಹುಡುಕುವ ಬದಲು ಬಲಿಗೊಬ್ಬನನ್ನು ಹುಡುಕುತ್ತಿತ್ತು. ಕವಾಟವು ಹಾಗೆಯೇ ಉಳಿಯುತ್ತಿತ್ತು.

ಆ ದಿನದ ಇನ್ನೊಂದು ಸಂಗತಿಯನ್ನು ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಾಹನವು ಸಮುದ್ರಕ್ಕೆ ಬಿದ್ದ ಮೇಲೆ ಅವರು ಮೈಮನಸ್ಸು ದಣಿದು ಕೋಣೆಯಲ್ಲಿ ಮಲಗಿಬಿಟ್ಟರು. ಬ್ರಹ್ಮಪ್ರಕಾಶ್ ಅವರು ಎರಡು ಸಲ ಬಂದು, ನಿದ್ರೆಯಲ್ಲಿರುವುದನ್ನು ಕಂಡು ಹಿಂದಿರುಗಿದರಂತೆ. ಕಡೆಗೆ ಎಬ್ಬಿಸಿ, ಊಟಕ್ಕೆ ಹೋಗೋಣವೆಂದು ಕರೆದುಕೊಂಡು ಹೋದರು. ಅವರೂ ಅಷ್ಟು ಹೊತ್ತು ಉಣ್ಣದೆ ಕಾದಿದ್ದರು. ಊಟದುದ್ದಕ್ಕೂ ಬೇರೆ ಮಾತುಗಳೇ ಹೊರತು ರಾಕೆಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ. ಮಾತನಾಡುವುದನ್ನು ಕುರಿತ ಯಾವ ಪಾಠದಲ್ಲಿಯೂ ಈ ಮೌನಕ್ಕೆ ಒಂದು ಸ್ಥಾನವಿರಲೇಬೇಕು. ವಿಮರ್ಶೆಗೆ ಒಂದು ಹೊತ್ತುಂಟು. ಸೋತವನು ಎದುರಿಗೆ ಕುಳಿತು ಉಣ್ಣುತ್ತಿರುವ ಹೊತ್ತು ಅದಲ್ಲ.

ಇನ್ನು ಜಾತ್ರೆಯ ಹಿರಿಯರ ಕಡೆಗೆ ತಿರುಗೋಣವಾಗಲಿ. ರಾಕೆಟ್ಟಿಗೂ ಅನ್ನದ ಕೊಪ್ಪರಿಗೆಗೂ ಏನು ಸಂಬಂಧವೆಂದು ಯಾರಾದರೂ ನಕ್ಕರೆ ನಗಲಿ. ಬೀಗದ ಕೈಯ ಪ್ರಶ್ನೆ ಎರಡೂ ಕಡೆ ಒಂದೇ. ಉಗ್ರಾಣವನ್ನು ಒಬ್ಬರಿಗೆ ಒಪ್ಪಿಸುವುದಾದರೆ ಕೈಯನ್ನೂ ಅವರಿಗೇ ಕೊಡಬೇಕು. ಹೊಣೆಯನ್ನು ಕೊಟ್ಟು ಅಧಿಕಾರವನ್ನು ಇಟ್ಟುಕೊಳ್ಳುವುದು ಕೈ ಕಟ್ಟಿ ಈಜಲು ಬಿಟ್ಟಂತೆ. ಅಧಿಕಾರವು ಎಲ್ಲಿಯವರೆಗೆ ಎಂಬ ಗಡಿಯನ್ನೂ ಮೊದಲೇ ಹೇಳಬೇಕು. ಇಷ್ಟು ಚೀಲದವರೆಗೆ ನಿಮ್ಮ ವಿವೇಚನೆ. ಅದಕ್ಕೆ ಮೀರಿ ಬೇಕಾದರೆ ಇಂಥವರನ್ನು ಕೇಳಿರಿ. ಅವರು ಸಿಗದಿದ್ದರೆ ಮತ್ತೆ ಇಂಥವರು ಎಂದು ಹೆಸರು ಹಿಡಿದು ಹೇಳಿದಲ್ಲಿ ಮೂರನೆಯ ಪಂಕ್ತಿ ಹಸಿದು ಕುಳಿತಿರುವ ಪ್ರಸಂಗವೇ ಬರುವುದಿಲ್ಲ.

ಒಪ್ಪಿಸುವಾಗ ಏನು ಮಾಡಬೇಕೆಂಬುದನ್ನು ಮಾತ್ರ ಹೇಳಿ, ಏಕೆಂಬುದನ್ನು ಬಿಡುವುದು ಹಿರಿಯರಲ್ಲಿ ಬಹಳವಾಗಿ ಕಾಣಬರುವ ದೋಷ. “ಹತ್ತು ಗಂಟೆಗೆ ಅನ್ನ ಆಗಬೇಕು” ಎಂದರೆ ಅಡುಗೆಯವರು ಹತ್ತಕ್ಕೆ ಮಾಡುತ್ತಾರೆ. “ದೂರದ ಹಳ್ಳಿಗಳ ಗಾಡಿಗಳು ಹನ್ನೊಂದಕ್ಕೆ ಹೊರಡುತ್ತವೆ, ಆ ಮಕ್ಕಳು ಉಂಡು ಹೋಗಬೇಕು” ಎಂದು ಕಾರಣವನ್ನೂ ಹೇಳಿದರೆ, ಗಾಡಿಗಳು ಬೇಗ ಹೊರಡುವ ಸೂಚನೆ ಕಂಡ ಕೂಡಲೆ ಅವರು ತಾವಾಗಿಯೇ ಒಲೆಯನ್ನು ಬೇಗ ಹೊತ್ತಿಸುತ್ತಾರೆ. ಹೇಳಿದ ಮೇಲೆ ತಿಳಿಯಿತೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಿರಿಯರೆದುರಿಗೆ ತಿಳಿಯಲಿಲ್ಲವೆನ್ನುವುದು ಕಿರಿಯರಿಗೆ ಸಂಕೋಚ. ಆದುದರಿಂದ, “ನೀನು ಹೇಗೆ ಮಾಡಬೇಕೆಂದಿರುವೆ, ಹೇಳು ನೋಡೋಣ” ಎಂದು ಅವನ ಬಾಯಿಂದಲೇ ಕೇಳುವುದು ಲೇಸು. ತಪ್ಪು ತಿಳಿವಳಿಕೆ ಇದ್ದರೆ ಅಲ್ಲಿಯೇ ಹೊರಬೀಳುತ್ತದೆ. ಕೆಲವೊಮ್ಮೆ ಹಿರಿಯರಿಗೆ ಹೊಳೆಯದ ಸುಲಭೋಪಾಯವೂ ಹೊರಬರುತ್ತದೆ.

ಮನೆಯಲ್ಲಿಯೂ ಇದೇ. ಅಂಗಡಿಯ ಲೆಕ್ಕವನ್ನು ಮಗನಿಗೆ ಒಪ್ಪಿಸಿದ ತಂದೆ, ಗಿರಾಕಿಯೆದುರಿಗೆ ಪುಸ್ತಕವನ್ನು ಕಸಿದು ತಿದ್ದತೊಡಗಿದರೆ, ಮರುದಿನದಿಂದ ಗಿರಾಕಿ ಮಗನನ್ನು ಕೇಳುವುದಿಲ್ಲ. ಮಗನೂ ಲೆಕ್ಕದಲ್ಲಿ ಮನಸ್ಸಿಡುವುದಿಲ್ಲ. ಅಡುಗೆಯ ಮನೆಯನ್ನು ಸೊಸೆಗೆ ಬಿಟ್ಟುಕೊಟ್ಟೆನೆಂದು ನಾಲ್ಕು ಜನರೆದುರು ಹೇಳಿ, ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ತನ್ನ ಕೋಣೆಯಲ್ಲಿಟ್ಟುಕೊಳ್ಳುವ ಅತ್ತೆಯೂ ಅದೇ ವರ್ಗಕ್ಕೆ ಸೇರಿದವಳು. ಹಾಗೆಂದು ಒಪ್ಪಿಸಿ ಮರೆತುಬಿಡುವುದೂ ಸಲ್ಲದು. ಮೊದಮೊದಲು ದಿನಕ್ಕೊಮ್ಮೆ, ಕೈ ಪಳಗಿದ ಮೇಲೆ ವಾರಕ್ಕೊಮ್ಮೆ ಕುಳಿತು ಕೇಳುವುದು ಸಂಶಯವಲ್ಲ, ಸಹಾಯ. ಯಾವ ಹೊತ್ತಿಗೆ ಕೇಳುವೆನೆಂದು ಮುಂಚಿತವಾಗಿ ತಿಳಿಸಿದ್ದರೆ ಅದು ಕಾವಲಿನಂತೆ ತೋರುವುದಿಲ್ಲ.

ಜಾತ್ರೆಯ ದಿನಗಳಲ್ಲಿ ರಾತ್ರಿಯ ಪಂಕ್ತಿ ಮುಗಿದ ಮೇಲೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕೂರುವ ಪದ್ಧತಿಯನ್ನು ಇಟ್ಟುಕೊಳ್ಳಬಹುದು. ಉಗ್ರಾಣದವರು, ಒಲೆಯವರು, ಬಡಿಸಿದವರು, ನೀರಿನವರು ಎಲ್ಲರೂ ಇರಲಿ. ಹಿರಿಯರು ಮೊದಲು ತಮ್ಮ ಅಭಿಪ್ರಾಯವನ್ನು ಹೇಳಿಬಿಟ್ಟರೆ ಉಳಿದವರು ಅದನ್ನೇ ಹಿಂಬಾಲಿಸುವರಾದ್ದರಿಂದ, ಅವರು ಕಡೆಗೆ ಮಾತನಾಡುವುದು ಒಳ್ಳೆಯದು. ಮೊದಲು ಕೇಳತಕ್ಕದ್ದು ಪಾತ್ರೆ ತೊಳೆದವರನ್ನೂ ಎಲೆ ಎತ್ತಿದವರನ್ನೂ. ಯಾವ ಕೊಪ್ಪರಿಗೆಯ ಅನ್ನ ತಳ ಹಿಡಿದಿತ್ತು, ಯಾವ ಪಲ್ಯ ಎಲೆಯ ತುದಿಯಲ್ಲಿ ಹಾಗೆಯೇ ಉಳಿದಿತ್ತು ಎಂಬುದನ್ನು ಬಲ್ಲವರು ಅವರು.